ನನ್ನ ಕಸ ಸಾಲದಂತೆ

ಅಕ್ಕಾ,

ಬಂದು ಸೇರಿ ಎಂಟು ದಿನವಾಯಿತು. ಕಾರ್ಡಿನಲ್ಲಿ ಜಾಗ ಕಡಿಮೆ, ನನ್ನ ಹೊಟ್ಟೆಯುರಿ ಜಾಸ್ತಿ. ಬುಟ್ಟಿ ಹೆಣೆಯಲು ನಮ್ಮನ್ನು ಕರೆಸಿಕೊಂಡ ಈ ಕಾರ್ಖಾನೆಯವರ ಬುದ್ಧಿವಂತಿಕೆ ಕೇಳು. ಬಿದಿರು ಸೀಳುವಾಗ ಉದುರುವ ಸಿಬಿರು, ಪುಡಿಯನ್ನೆಲ್ಲ ಗುಡಿಸಿ ಒಯ್ದು, ಆಮ್ಲ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಅದರಿಂದ ಬಾದಾಮಿ ವಾಸನೆಯ ಒಂದು ದ್ರವ ಇಳಿಯುತ್ತದೆ. ಅಂಟು, ಪ್ಲಾಸ್ಟಿಕ್ಕು ಮಾಡಲು ಬೇಕಂತೆ. ಇಷ್ಟಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಬೇಯಿಸುವ ಹಂಡೆಯನ್ನು ಮನೆಯಷ್ಟು ದೊಡ್ಡದಾಗಿ ಕಟ್ಟಿಸಿ ಕೂತಿದ್ದಾರೆ. ಅದನ್ನು ತುಂಬಿಸಲು ಕಸವೇ ಸಾಲುತ್ತಿಲ್ಲ!

ನಿನ್ನೆ ಸೂಪರ್‌ವೈಸರ್ ನನ್ನ ಮುಂದಿನ ಸಿಬಿರಿನ ಗುಡ್ಡೆ ನೋಡಿ ಮುಖ ಸಿಂಡರಿಸಿದ. "ಏನಮ್ಮಾ, ಬೆಳಗ್ಗಿಂದ ಇಷ್ಟೇನಾ ಕಸ? ಪಕ್ಕದವರನ್ನ ನೋಡಿ ಕಲೀರಿ."

ಪಕ್ಕದವಳು ಗೆಣ್ಣು ನೋಡದೆ ಅಡ್ಡಾದಿಡ್ಡಿ ಸೀಳಿ, ಹತ್ತು ಬಿದಿರಿಗೆ ಎರಡೇ ಬುಟ್ಟಿ ಹೆಣೆದಿದ್ದಳು. ಅವಳಿಗೆ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ. ಒಂದು ಸಿಬಿರು ಹೆಚ್ಚು ಬಿದ್ದರೂ ಅಪ್ಪ ಬೆರಳಿಗೆ ಬಾರಿಸಿ ಕಲಿಸಿದ ಕೈ ಕಣೇ ನನ್ನದು!

"ಕಸ ಮಾಡೋದನ್ನ ನಮ್ಮಪ್ಪ ಕಲಿಸ್ಲಿಲ್ಲ ಸಾರ್" ಅಂದೆ.

"ಇಲ್ಲಿ ಕಲಿಸ್ತೀವಿ ಬಿಡಿ" ಅಂದ, ನಗದೆ.

ಆ ವಾಸನೆಗೆ ತಲೆ ಸಿಡಿಯುತ್ತದೆ, ಮಿಕ್ಕಂತೆ ಆರೋಗ್ಯ. ಭಾವನಿಗೆ ಹೇಳು: ಇಷ್ಟು ವರ್ಷದಲ್ಲಿ ಒಂದು ಬಿದಿರನ್ನೂ ನೆಟ್ಟಗೆ ಸೀಳದ ಅವರ ಕೈಗೆ ಕೊನೆಗೂ ಬೆಲೆ ಬಂದಿದೆ. ನಾಳೆಯೇ ಬಸ್ಸು ಹತ್ತಿಸು. ಇಲ್ಲಿ ಅವರೇ ಮೇಷ್ಟ್ರು.

ಕಸ ಸಾಲದ ನಿನ್ನ ತಂಗಿ