ಸಕ್ಕರೆ ಡಬ್ಬದ ಮುಚ್ಚಳ

ಪುಟ್ಟಿಯ ಅಪ್ಪನವರಿಗೆ,

ಜೈಲಿನಲ್ಲಿ ಚಳಿ ಎಂದಿದ್ದಿರಿ, ವಕೀಲರ ಕೈಯಲ್ಲಿ ಸ್ವೆಟರ್ ಕಳಿಸಿದ್ದೇನೆ. ನೀವು ಹೇಳಿದ್ದ ಹಾಗೆಯೇ ಕೇಸು ಮುಂದೆ ಹೋಗುತ್ತಿಲ್ಲ. ಜನರ ಹಣವೆಲ್ಲ ಕ್ರಿಪ್ಟೋ ನಾಣ್ಯವಾಗಿ ಕೂತಿರುವುದು ಕೋರ್ಟಿನ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಆದರೆ ಅದನ್ನು ತೆರೆಯುವ ಪಾಸ್‌ವರ್ಡಿನಂಥ ಹನ್ನೆರಡು ಪದ ಗೊತ್ತಿಲ್ಲದೆ ಯಾರೂ ಮುಟ್ಟಲಾರರು. ಆರೋಪಿಯ ಬಾಯಿ ಬಿಡಿಸಲು ಕಾನೂನಿನಲ್ಲಿ ದಾರಿಯಿಲ್ಲವೆಂದು ನಿಮ್ಮ ವಕೀಲರು ನಕ್ಕರು.

ಮೊನ್ನೆ ಪಕ್ಕದ ಮನೆಯ ಹೊಲಿಗೆ ಅಕ್ಕ ಬಂದರು. ಮಗನ ಆಪರೇಷನ್ನಿಗೆ ಕೂಡಿಟ್ಟಿದ್ದನ್ನು ನಿಮ್ಮನ್ನು ನಂಬಿ ಕೊಟ್ಟವರು. ಬೈಯುತ್ತಾರೆಂದುಕೊಂಡೆ.

"ಒಂದು ಬಟ್ಟಲು ಸಕ್ಕರೆ ಇದ್ರೆ ಕೊಡಮ್ಮ, ನಾಳೆನೇ ವಾಪಸ್ ಕೊಡ್ತೀನಿ" ಅಂದರು.

ಸಕ್ಕರೆ ಡಬ್ಬ ತೆರೆಯುವಾಗ ಮುಚ್ಚಳ ಜಾರಿ ಪಾತ್ರೆ ತೊಳೆಯುವ ನೀರಿಗೆ ಬಿತ್ತು. ಇರುವೆ ಬರದಿರಲೆಂದು ನೀವು ಅದರೊಳಗೆ ಅಂಟಿಸಿದ್ದ ಕಾಗದ ನೆನೆದು ಕಿತ್ತುಬಂತು. ಅದರಡಿ ಮುಚ್ಚಳದ ತಗಡಿನಲ್ಲಿ ಕೊರೆದ ಹನ್ನೆರಡು ಪದಗಳಿದ್ದವು. ಪುಟ್ಟಿಯ ಗೊಂಬೆಯ ಹೊಟ್ಟೆಯನ್ನೂ ಬಗೆದು ಹುಡುಕಿದ್ದ ಪೊಲೀಸರಿಗೆ ಇದು ಕಂಡಿರಲಿಲ್ಲ.

ಹೆಂಡತಿಯೂ ಬಾಯಿ ಬಿಡಬೇಕಾಗಿಲ್ಲ ಎಂದಿದ್ದರು ವಕೀಲರು. ನಾನು ಒಂದು ಮಾತೂ ಆಡಲಿಲ್ಲ. ಮುಚ್ಚಳವನ್ನು ತನಿಖಾಧಿಕಾರಿಯ ಮೇಜಿನ ಮೇಲಿಟ್ಟು ಬಂದೆ.

ಅಕ್ಕ ಹೇಳಿದಂತೆ ಮರುದಿನವೇ ಸಕ್ಕರೆ ತಂದುಕೊಟ್ಟರು, ಬಟ್ಟಲು ತುಂಬ. ಡಬ್ಬಕ್ಕೆ ಈಗ ತಟ್ಟೆ ಮುಚ್ಚಿದ್ದೇನೆ.

ಇಂತಿ,
ಪುಟ್ಟಿಯ ಅಮ್ಮ