ಮುರಿಯದ ಆರ್ಮ್

ಮಾರ್ಚ್ 2, ಭಾನುವಾರ

ಮತ್ತೆ ಮುಂದಿನ ಆರ್ಮ್ ಹೋಯಿತು. ಚಕ್ರವನ್ನು ಕಾರಿಗೆ ಹಿಡಿದಿಡುವ ಬೆರಳುದ್ದದ ತುಂಡು, ಬಿಸ್ಕತ್ತಿನ ಹಾಗೆ ಪಟ್ಟನೆ ಮುರಿಯುತ್ತದೆ. ಬೇರೆಯವರ ರಿಮೋಟ್ ಕಾರುಗಳು ಅದೇ ಗೋಡೆಗೆ ಗುದ್ದಿ, ಮೈ ಕೊಡವಿಕೊಂಡು ಓಡುತ್ತವೆ. ನಮ್ಮದೊಂದೇ ಕುಂಟುವುದು. ರಿಪೇರಿ ನನ್ನದು, ಓಡಿಸುವವರು ಭಾವ. ಅಕ್ಕನ ಮದುವೆಯಾದ ವರ್ಷದಿಂದಲೂ ಹೀಗೇ. ವಾರವಿಡೀ ಅಂಗಡಿಯಲ್ಲಿ ಕನ್ನಡಕ ಕೂರಿಸುವವನಿಗೆ ಭಾನುವಾರ ಭಾವ ಮತ್ತು ಕಾರು ಇದ್ದರೆ ಸಾಕು.

ಆದರೆ ಇವತ್ತು ಭಾವ ಕರಡಿಯ ಜೊತೆ ನಿಂತು ನಗುತ್ತಿದ್ದರು. ಕರಡಿ ಅಂದರೆ ಪ್ರತಿ ರೇಸಿನಲ್ಲೂ ನಮ್ಮನ್ನು ಸೋಲಿಸುವ ಗಡ್ಡದವನು. ನಾನು ಹತ್ತಿರ ಹೋದದ್ದೇ ತಡ, ನಗು ಬಂದ್. ಏನಿತ್ತೋ...

ಮಾರ್ಚ್ 5

ಅಲ್ಯೂಮಿನಿಯಂ ಆರ್ಮ್ ಹಾಕಿ ನೋಡಿದೆ. ಅದು ಮುರಿಯಲಿಲ್ಲ, ನಿಜ — ಏಟನ್ನೆಲ್ಲ ಒಳಗೆ ದಾಟಿಸಿ, ತನ್ನನ್ನು ಹಿಡಿದಿದ್ದ ಬ್ರಾಕೆಟನ್ನೇ ಸೀಳಿತು. ಬಿಸಾಕಿದೆ. ಮತ್ತೆ ಎಂದಿನ ನೈಲಾನಿನದೇ. ಹೊಸ ಜೋಡಿಯನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ಆರಿಸಿದೆ. ಕೂದಲೆಳೆ ಬಿರುಕೂ ಇಲ್ಲ. ಎಂದಿನಂತೆ ಡಬ್ಬಿಯಲ್ಲಿಟ್ಟು, ಲೆನ್ಸ್ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಮೇಲೆ ಸುರಿದೆ. ತೇವ ತಾಗಿದರೆ ಮಾಲು ಹಾಳು.

ಇನ್ನೊಂದು ಕೆಲಸ. ಪ್ರತಿ ಆರ್ಮಿನ ಒಳಬದಿಗೆ ಹೆಂಡತಿಯ ನೇಲ್ ಪಾಲಿಶಿನ ಚುಕ್ಕೆ. ಟ್ರ್ಯಾಕಿನಲ್ಲಿ ಡಬ್ಬಿ ಇರುವುದು ಭಾವನ ಕೈಯಲ್ಲಿ. ಒಳ್ಳೆಯದನ್ನು ಕರಡಿಗೆ ಕೊಟ್ಟು ಹಳೆಯದನ್ನು ಇಡುತ್ತಿದ್ದರೆ ಸಿಕ್ಕಿಬೀಳುತ್ತಾರೆ. ಕಾರಿಗೂ ಮೇಕಪ್ಪಾ ಅಂದಳು ಹೆಂಡತಿ. ಕಾರಣ ಹೇಳಲಿಲ್ಲ.

ಮಾರ್ಚ್ 9, ಭಾನುವಾರ

ಮುರಿಯಿತು. ಚುಕ್ಕೆ ಇದೆ. ಅಂದರೆ ಬದಲಾಯಿಸಿಲ್ಲ. ಹಾಗಾದರೆ ಬೇಕೆಂದೇ ಗುದ್ದುತ್ತಿದ್ದಾರೆ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಲಿಫ್ಟನ್ನು ನೆಲದ ಮಟ್ಟಕ್ಕೆ ಕೂದಲಷ್ಟೂ ತಪ್ಪದ ಹಾಗೆ ನಿಲ್ಲಿಸಬಲ್ಲವರು, ಗೋಡೆಗೆ ಹೋಗಿ ಬಡಿಯುವುದೆಂದರೆ? ಬಾಯಿ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಕೇಳಿಬಿಟ್ಟೆ.

"ಕರಡಿ ಗೆಲ್ಲಲಿ ಅಂತ ಮಾಡ್ತಿದ್ದೀರಾ ಭಾವ?"

ಭಾವ ರಿಮೋಟನ್ನು ನನ್ನ ಕೈಗಿಟ್ಟು ಹೊರಟುಹೋದರು. ಹೀಗೆ ಹೋದರು ಅಂದರೆ ಏನೋ ಇದೆ.

ಮಾರ್ಚ್ 17

ಅಕ್ಕನ ಫೋನಿಲ್ಲ. ನಿನ್ನೆ ಟ್ರ್ಯಾಕಿಗೂ ಹೋಗಲಿಲ್ಲ. ಹೆಂಡತಿ ಮುಖ ಊದಿಸಿಕೊಂಡಿದ್ದಾಳೆ.

ಇವತ್ತು ಬಾಲ್ಕನಿಯ ಬಕೆಟ್ಟಿನಲ್ಲಿ, ನೆನೆಹಾಕಿದ ಚಕ್ರಗಳ ನಡುವೆ, ಒಂದು ಆರ್ಮ್ ಸಿಕ್ಕಿತು. ವಾರದಿಂದ ನೀರಲ್ಲೇ ಇತ್ತು. ಸಿಟ್ಟಿಗೆ ಮುರಿಯಲು ಹೋದೆ. ಬಾಗಿತು. ಇನ್ನೂ ಬಾಗಿಸಿದೆ. ಮುರಿಯಲಿಲ್ಲ. ಡಬ್ಬಿಯಿಂದ ಒಂದನ್ನು ತೆಗೆದು ಬಾಗಿಸಿದೆ — ಪಟ್.

ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ನೈಲಾನ್ ಒಣಗಿದಷ್ಟೂ ಮುರಿಯುತ್ತದಂತೆ, ಎಲ್ಲರೂ ನೀರಲ್ಲಿ ಕುದಿಸಿಯೇ ಹಾಕುವುದಂತೆ. ಆ ಪೊಟ್ಟಣಗಳು! ಮುರಿದವನು ನಾನೇ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ.

ಮಾರ್ಚ್ 20

ಅಕ್ಕನ ಮನೆಗೆ ಹೋದೆ. ತಪ್ಪಾಯಿತು ಅಂದೆ, ಪೊಟ್ಟಣದ ಕಥೆ ಹೇಳಿದೆ. ಅಕ್ಕ ಕಾಫಿ ತಂದಿಟ್ಟು ಒಳಗೆ ಹೋದಳು. ಅವತ್ತು ಕರಡಿಯ ಜೊತೆ ನಕ್ಕಿದ್ದು ಯಾಕೆ ಎಂದೂ ಕೇಳಿದೆ — ಕೇಳಬಾರದಿತ್ತು. ಕಾರನ್ನು ನಾನು ಕೂಸಿನ ಹಾಗೆ ಎದೆಗವಚಿಕೊಂಡು ಬರುವುದನ್ನು ನೋಡಿ ನಕ್ಕರಂತೆ. ಅಷ್ಟೇ ಅಂತೆ.

"ಕಾರು ಓಡಿಸ್ತೀನಿ ಬಿಡು," ಅಂದರು ಭಾವ. "ಆದ್ರೆ ಇನ್ನೊಂದು ಸಲ ಏನಾದ್ರೂ ಮುರಿದಾಗ ನನ್ನ ಮುಖ ನೋಡ್ಬೇಡ. ನೋಡಿದ್ರೆ ಅವತ್ತಿಗೆ ಮುಗೀತು."

ನೋಡುವುದಿಲ್ಲ ಅಂದೆ.

ಮಾರ್ಚ್ 23, ಭಾನುವಾರ

ಕುದಿಸಿದ ಆರ್ಮ್ ಹಾಕಿದೆ. ಗೋಡೆಗೆ ಬಡಿಯಿತು, ಬಾಗಿತು, ಓಡಿತು. ಎರಡನೆಯ ಸಲವೂ. ಕರಡಿಗಿಂತ ಮುಂದಿದ್ದೆವು. ಭಾವ ಏನೋ ಗುನುಗುತ್ತಿದ್ದರು. ನನಗೆ ಕಣ್ಣು ತುಂಬಿತು, ನಿಜವಾಗಿ.

ಕೊನೆಯ ಸುತ್ತಿನಲ್ಲಿ ಟಕ್ ಎಂದು ಕಾರು ನಿಂತಿತು. ಚಕ್ರದ ನಟ್ ಬಿಚ್ಚಿಕೊಂಡಿತ್ತು, ಬೆಳಿಗ್ಗೆ ನಾನೇ ಬಿಗಿದದ್ದು. ಆರ್ಮಿಗೆ ಏನೂ ಆಗಿರಲಿಲ್ಲ. ಅದೆಲ್ಲ ಗೊತ್ತಾದದ್ದು ಆಮೇಲೆ. ಟಕ್ ಎಂದಾಗ ನನ್ನ ಕಣ್ಣು ಹೋದದ್ದು ಕಾರಿನ ಕಡೆಗಲ್ಲ, ಭಾವನ ಮುಖಕ್ಕೆ.

ಭಾವ ನನ್ನನ್ನೇ ನೋಡುತ್ತಿದ್ದರು. "ಭಾವ, ನಾನು ಬರೀ —"