ಸಕ್ಕರೆಗೆ ಸೋಮವಾರ, ಮರೆವಿಗೆ ಗುರುವಾರ

ಮಾನ್ಯ ಆರೋಗ್ಯಾಧಿಕಾರಿಗಳೇ,

ದಾಂಡೇಲಿಯ ಸಮಸ್ತ ನಾಗರಿಕರ ಗಮನಕ್ಕೆ: ನಮ್ಮ ಮನೆಯ ಸಕ್ಕರೆ ಡಬ್ಬಿ ಹೋದ ವಾರದಿಂದ ಅಟ್ಟ ಸೇರಿದೆ, ಬೀಗ ಸಮೇತ. ಈ ಐತಿಹಾಸಿಕ ಕ್ರಮಕ್ಕೆ ಕಾರಣ, ಚಾ ಕುಡಿದದ್ದನ್ನೇ ಮರೆತು ಮತ್ತೆ ಮತ್ತೆ ಕುಡಿಯುವ ನನ್ನ ನೀಲಕ್ಕ. ಪತ್ರಕ್ಕೆ ಕಾರಣ ಮಾತ್ರ ತಾವು.

ಅಕ್ಕನಿಗೆ ಸಕ್ಕರೆ ಕಾಯಿಲೆ ಹಳೆಯದು, ಮರೆವು ಹೊಸದು. ತಮ್ಮ ದವಾಖಾನೆಯಲ್ಲಿ ಸಕ್ಕರೆಗೆ ಸೋಮವಾರ; ಮರೆವಿಗೆ, ಧಾರವಾಡದ ಡಾಕ್ಟರು ಬರುವ ಗುರುವಾರ. ಸೋಮವಾರದವರು ಮರೆವಿನ ಮಾತು ಕೇಳುವುದಿಲ್ಲ, ಗುರುವಾರದವರು ಸಕ್ಕರೆಯ ಸುದ್ದಿ ಎತ್ತುವುದಿಲ್ಲ. ಕುತ್ತಿಗೆಯ ಮೇಲೊಂದು ಇಲಾಖೆ, ಕೆಳಗೊಂದು ಇಲಾಖೆ! ನಡುವೆ ಗಡಿಕಲ್ಲು ನೆಟ್ಟವರಾರು?

ಮೆದುಳಿಗೂ ಇನ್ಸುಲಿನ್ ಬೇಕೆಂದು ಈಗ ಪತ್ರಿಕೆಗಳಲ್ಲಿ ಬರುತ್ತಿದೆ. ಇನ್ಸುಲಿನ್ ಒಡೆಯುವ ಕಿಣ್ವವೇ, ಅಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನೊಳಗೆ ಗಟ್ಟಿಗಟ್ಟುವ ಪ್ರೋಟೀನ್ ಕಸವನ್ನೂ ಗುಡಿಸುತ್ತದಂತೆ. ಇನ್ಸುಲಿನ್ ಅತಿಯಾದರೆ ಈ ಗುಡಿಸುವವಳು ಅದನ್ನು ಒಡೆಯುವುದರಲ್ಲೇ ಮುಳುಗಿ, ಮೆದುಳಿನ ಅಂಗಳ ಗುಡಿಸದೆ ಉಳಿಯುತ್ತದೆ. ಪೂರ್ತಿ ಸಾಬೀತಾಗಿಲ್ಲ, ಒಪ್ಪಿದೆ. ಆದರೆ ವಿಜ್ಞಾನಿಗಳಿಗೆ ಬಂದ ಅನುಮಾನ ತಮ್ಮ ವೇಳಾಪಟ್ಟಿಗೆ ಬರಬಾರದೆ?

ಸಾಕ್ಷಿ ಬೇಕೆ? ಭಾವ ಮಿಲ್ಲಿನಲ್ಲಿದ್ದವರು. ಹೀಗಾಗಿ ಪಾಳಿ ಬದಲಾಗುವಾಗ ಕೂಗುವ ಭೋಂಗಾವೇ ಅಕ್ಕನ ಗಡಿಯಾರ. ಬೆಳಗಿನ ಭೋಂಗಾಕ್ಕೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವುದು ಆಕೆಯ ರೂಢಿ. ಮೊನ್ನೆ ಸೋಮವಾರ, ನುಂಗಿದ್ದು ಮರೆತು, ಕೂಗಿದ ಭೋಂಗಾಕ್ಕೆಲ್ಲ ಒಂದೊಂದು ನುಂಗಿದಳು. ರಕ್ತದ ಸಕ್ಕರೆ ಇಳಿದು, ಬೆವರಿ, ನಡುಗಿ, ಕುಸಿದು ಕೂತಳು. ಬೆಲ್ಲದ ನೀರು ಕುಡಿಸಿ ತಮ್ಮಲ್ಲಿಗೆ ಒಯ್ದರೆ, "ವಯಸ್ಸಾತ್ರಿ, ಮರೀತಾರ. ಗುರುವಾರ ಕರ್ಕೊಂಡ ಬರ್ರಿ" ಎಂದರು ಸೋಮವಾರದವರು.

ಅಕ್ಕ ತಲೆಯೆತ್ತಿ ಕೇಳಿದಳು: "ಗುರುವಾರದ ತನಕ ನಾ ಯಾರಂತ ಯಾರು ನೆನಪ ಇಟ್ಕೋಬೇಕ್ರಿ, ಸಾಹೇಬ್ರ?"

ಸಾಹೇಬರು ಮುಂದಿನ ಚೀಟಿಯವರನ್ನು ಕರೆದರು. ಅದಕ್ಕೇ ಈ ಪತ್ರ. ಒಂದೇ ದಿನ, ಒಂದೇ ಕೋಣೆಯಲ್ಲಿ ಇಬ್ಬರೂ ಡಾಕ್ಟರು ಕೂಡಿ ನೋಡಲಿ. ಅಲ್ಲಿಯವರೆಗೆ ಪ್ರತಿ ಸೋಮವಾರ ನಾನು, ಅಕ್ಕ ಇಬ್ಬರೂ ಗುರುವಾರದ ಡಾಕ್ಟರ ಬಾಗಿಲಲ್ಲೇ ಕೂತಿರುತ್ತೇವೆ. ಎಬ್ಬಿಸಲು ಪೊಲೀಸರೇ ಬರಲಿ; ಅವರಲ್ಲೂ ಸಕ್ಕರೆಯವರು ಕಡಿಮೆಯಿಲ್ಲ.

ಕೊನೆಗೊಂದು ಮನೆಮಾತು. ಬಂದವರಿಗೆ ಸಪ್ಪನೆಯ ಚಾ ಕೊಡುವುದು ನಮ್ಮಲ್ಲಿ ಅವಮಾನ. ಡಬ್ಬಿ ಅಟ್ಟ ಸೇರಿದಂದಿನಿಂದ ಅಕ್ಕ, ಇನ್ನೂ ಚಾ ಆಗಿಲ್ಲವೆಂದು ಓಣಿಯ ಮನೆಮನೆಯ ಮೆಟ್ಟಿಲು ಹತ್ತುತ್ತಿದ್ದಾಳೆ. ಓಣಿಯ ತುದಿಯ ತಮ್ಮ ಬಂಗಲೆಯ ಚಾ ಎಲ್ಲಕ್ಕಿಂತ ಸಿಹಿಯಂತೆ. ಅದೊಂದನ್ನು ಮಾತ್ರ ಆಕೆ ಮರೆತಿಲ್ಲ. ದಯವಿಟ್ಟು ಮನೆಯಲ್ಲಿ ಹೇಳಿಡಬೇಕು: ಬಂದರೆ ಸಕ್ಕರೆಯಿಲ್ಲದ ಅರ್ಧ ಕಪ್ಪು ಕೊಟ್ಟು, ಕೈಹಿಡಿದು ನಮ್ಮ ಬಾಗಿಲವರೆಗೆ ಬಿಟ್ಟುಹೋಗಲಿ.

ಇಂತಿ,
ಅಟ್ಟದ ಕೀಲಿಕೈ ಎಲ್ಲಿಟ್ಟೆನೆಂದು ಬೆಳಗಿನಿಂದ ಹುಡುಕುತ್ತಿರುವ,
ನೀಲಕ್ಕನ ತಮ್ಮ (ತನಗೂ ಸಕ್ಕರೆ ಉಂಟು)